ನನ್ನ ಓಟು ಯೂಟಾಕ್ಕೆ

ಯೂಟಾದ ಹೆದ್ದಾರಿ 12ರ ಪಕ್ಕ ಕಾರು ನಿಲ್ಲಿಸ್ಕೊಂಡು ಇದನ್ನ ಬರೀತಿದೀನಿ. ಅಮೆರಿಕಕ್ಕೆ ಬರೋರು ನ್ಯೂಯಾರ್ಕ್, ಕ್ಯಾಲಿಫೋರ್ನಿಯಾ ನೋಡಿ ವಾಪಸ್ ಹೋಗ್ತಾರೆ. ದಯವಿಟ್ಟು ಯೂಟಾಕ್ಕೂ ಬನ್ನಿ!

ಝಯಾನ್, ಬ್ರೈಸ್ ಕ್ಯಾನಿಯನ್, ಆರ್ಚಸ್, ಕ್ಯಾನಿಯನ್‌ಲ್ಯಾಂಡ್ಸ್, ಕ್ಯಾಪಿಟಲ್ ರೀಫ್, ಒಂದೇ ರಾಜ್ಯದಲ್ಲಿ 5 ರಾಷ್ಟ್ರೀಯ ಉದ್ಯಾನ. ಬ್ರೈಸ್‌ನ ಕಲ್ಲುಕಂಬಗಳು ಬೆಳಗಿನ ಬಿಸಿಲಿಗೆ ಕೆಂಡದ ಹಾಗೆ ಹೊಳೀತವೆ. ಆದರೂ ನನ್ನ ಮನಸ್ಸು ಕ್ಯಾಪಿಟಲ್ ರೀಫ್‌ನ ಫ್ರೂಟಾ ತೋಟಗಳಲ್ಲೇ ಉಳಿದುಬಿಟ್ಟಿದೆ. 19ನೇ ಶತಮಾನದ ಕೊನೆಗೆ ಬಂದ ಮಾರ್ಮನ್ ಪಂಥದ ವಲಸಿಗರು ಕೆಂಪು ಬಂಡೆಗಳ ನಡುವೆ, ಹೊಳೆ ನೀರು ತಿರುಗಿಸಿ ಶುರು ಮಾಡಿದ ತೋಟಗಳಿವು. ಸೇಬು, ಪೀಚ್, ಚೆರ್ರಿ ಎಲ್ಲ ಇವೆ. ಈಗ ಉದ್ಯಾನದವರೇ ನೋಡ್ಕೊಳ್ತಾರೆ. ಹಣ್ಣಿನ ಕಾಲದಲ್ಲಿ ತೋಟದಲ್ಲೇ ಕಿತ್ತು ತಿಂದರೆ ದುಡ್ಡಿಲ್ಲ, ಮನೆಗೆ ಒಯ್ಯೋದಕ್ಕೆ ಮಾತ್ರ ಕೊಡಬೇಕು. ಇಷ್ಟು ಒಣ ಸೀಮೆಯಲ್ಲಿ ಎಂಥ ಔದಾರ್ಯ!

ನಿಮಗೆ ಮತ್ತೆ ಮತ್ತೆ ಹೋಗ್ಬೇಕು ಅನ್ಸೋ ರಾಜ್ಯ ಯಾವುದು?