ಜೆಪಾರಾದಲ್ಲಿ ಮೊದಲು ನೋಡಬೇಕಾದದ್ದು

ಜಾವಾದ ಉತ್ತರ ಕರಾವಳಿಯ ಜೆಪಾರಾಕ್ಕೆ ಹೋದವರು ಪೀಠೋಪಕರಣದ ಮಳಿಗೆಗಳಿಗಿಂತ ಮೊದಲು ಮಂಟಿಂಗನ್ ಮಸೀದಿ ನೋಡಬೇಕು. 1559ರ ಆ ಮಸೀದಿಯ ಕಲ್ಲುಫಲಕಗಳಲ್ಲಿ ಬಳ್ಳಿಯಿದೆ, ತಾವರೆಯಿದೆ, ಎಲೆಗಳೊಳಗೆ ಅಡಗಿದ ಪ್ರಾಣಿಯ ಆಕಾರಗಳೂ ಇವೆ (ಎಷ್ಟು ಹೊತ್ತು ನೋಡಿದರೂ ಸಾಲದು). ಊರಿನ ಆಸ್ತಿ ತೇಗಕ್ಕಿಂತ ಹೆಚ್ಚಾಗಿ ಕೆತ್ತುವ ಕೈಗಳಲ್ಲಿದೆ ಎನ್ನಲು ಇದೇ ಸಾಕ್ಷಿ. ಇಲ್ಲೇ ಬೆಳೆದ, ಸ್ತ್ರೀಶಿಕ್ಷಣಕ್ಕಾಗಿ ದನಿಯೆತ್ತಿದ ಕಾರ್ತಿನಿ (1879–1904) ಇದನ್ನರಿತೇ ಕೆತ್ತನೆಗಾರರಿಗೆ ಹೊರಗಿನಿಂದ ಕೆಲಸ ತರಿಸಿಕೊಟ್ಟರು. ಮುಂದೆ 1998ರ ಸುಮಾರಿಗೆ ಇಂಡೋನೇಷ್ಯಾದ ರುಪಿಯಾ ಕುಸಿದಾಗ ಪೀಠೋಪಕರಣದ ರಫ್ತು ಏರಿತು, ತೇಗದ ಕಾಡು ಸೊರಗಿತು. ಲಾಭದ ದೊಡ್ಡ ಪಾಲು ಮಾತ್ರ ವ್ಯಾಪಾರಿಗಳ ಕಡೆಗೇ ಹರಿಯಿತು. ಕೆತ್ತನೆಗಾರರ ಕೂಲಿ ಹೆಚ್ಚಿಸಿದರೆ ಗಿರಾಕಿ ಯಂತ್ರದ ಮಾಲಿಗೆ ಹೋಗುತ್ತಾನೆ ಎಂಬ ವಾದವಿದೆ. ಅಗ್ಗವೊಂದೇ ಬೇಕಾದವನು ಹೇಗೂ ಹೋಗುತ್ತಾನೆ. ಅವನಿಗಾಗಿ ಕೂಲಿ ಇಳಿಸಿದರೆ, ಹತ್ತಿರದ ಬಟ್ಟೆ, ಬೂಟಿನ ಕಾರ್ಖಾನೆಗಳ ತಿಂಗಳ ಸಂಬಳ ಬಿಟ್ಟು ಯಾವ ಹುಡುಗ ಉಳಿ ಹಿಡಿದಾನು?