ಅಳೆದ ನೆಲ, ಅಳೆಯದ ನೆಲ

ಗೋಹಾ ತ್ಸಿಯೋನ್ ಊರು ದಾಟುತ್ತಿದ್ದಂತೆ ರಸ್ತೆ ಇಳಿಯತೊಡಗುತ್ತದೆ, ಇಳಿಯುತ್ತಲೇ ಹೋಗುತ್ತದೆ. ಸಾವಿರ ಮೀಟರಿಗೂ ಹೆಚ್ಚು ಆಳದ ಕಮರಿಯ ತಳದಲ್ಲಿ ಅಬಾಯ್ ಹರಿಯುತ್ತಿತ್ತು. ಹೊರಗಿನವರು ನೀಲ ನೈಲ್ ಎನ್ನುವ ನದಿ ಅದೇ. ಜಪಾನಿನ ನೆರವಿನಿಂದ 2008ರಲ್ಲಿ ಕಟ್ಟಿದ ಸೇತುವೆ ದಾಟಿ, ಲಾರಿಗಳ ಬೆನ್ನು ಹಿಡಿದು ಎದುರಿನ ಏರು ಹತ್ತಿದರೆ ದೆಜೆನ್. ಅಲ್ಲಿಂದ ಮುಂದೆ ಗೊಜ್ಜಾಂ ಸೀಮೆ. 2019ರ ನವೆಂಬರ್ ಅದು, ತೆಫ್ ಎಂಬ ಧಾನ್ಯದ ಕೊಯ್ಲಿನ ಕಾಲ. ಬಾಗಿಕೊಂಡು ಕುಡುಗೋಲು ಆಡಿಸುವವರು, ಕಣದಲ್ಲಿ ಎತ್ತು ಸುತ್ತಿಸುವ ಹುಡುಗರು, ಹೊಲದ ಅಂಚಿಗೆ ಸಾಲುಸಾಲು ನೀಲಗಿರಿ ಮರಗಳು. ಹೊಲಗಳೆಲ್ಲ ಚೂರುಚೂರು. ಒಂದೊಂದರ ಬಣ್ಣ ಒಂದೊಂದು ಹದಕ್ಕೆ ತಿರುಗಿತ್ತು.

ಇಥಿಯೋಪಿಯಾದ ರೈತನಿಗೆ ತಾನು ಉಳುವ ನೆಲದ ಮೇಲೆ ಎಷ್ಟು ಹಕ್ಕಿದೆ ಎಂದು ಹೊಲದಲ್ಲೇ ನಿಂತು ಕೇಳಬೇಕೆಂಬ ಆಸೆ ನನಗೆ ಬಹಳ ಹಳೆಯದು. ನಾನು ಸಾಗರದ ಕಡೆಯವನು. ಗೇಣಿ, ಕೊಳಗ, ಕಾಗೋಡು, ಫಾರಂ ಏಳು ಇವೆಲ್ಲ ಮನೆಯ ಜಗುಲಿಯ ಮೇಲೆ ಕೇಳಿ ಬೆಳೆದ ಮಾತುಗಳು. ಕರ್ನಾಟಕದಲ್ಲಿ ಗೇಣಿ ಜಮೀನೆಲ್ಲ ಸರ್ಕಾರಕ್ಕೆ ಸೇರಿ, ಉಳುವವನಿಗೆ ಒಡೆತನ ಕೊಡುವ ತಿದ್ದುಪಡಿ ಜಾರಿಗೆ ಬಂದದ್ದು 1974ರ ಮಾರ್ಚ್ 1ಕ್ಕೆ. ಅದಾಗಿ ಒಂದು ವರ್ಷ ಮೂರು ದಿನಕ್ಕೆ, 1975ರ ಮಾರ್ಚ್ 4ರಂದು, ಇಥಿಯೋಪಿಯಾದ ಸೈನಿಕ ಸರ್ಕಾರ ದೇಶದ ಎಲ್ಲ ಗ್ರಾಮೀಣ ಭೂಮಿಯನ್ನು ಸಾರ್ವಜನಿಕ ಸ್ವತ್ತೆಂದು ಸಾರಿತು. ಅದಕ್ಕೆ ಹತ್ತು ವರ್ಷ ಮೊದಲೇ, 1965ರಲ್ಲಿ, ಅಡಿಸ್ ಅಬಾಬಾದ ವಿದ್ಯಾರ್ಥಿಗಳು ನೆಲ ಉಳುವವನದೇ ಎಂದು ಕೂಗುತ್ತ ಬೀದಿಗಿಳಿದಿದ್ದರು. ದಕ್ಷಿಣದ ಪ್ರಾಂತ್ಯಗಳಲ್ಲಿ ಗೇಣಿದಾರರು ಬೆಳೆಯ ಅರ್ಧದವರೆಗೂ ಒಡೆಯರಿಗೆ ಅಳೆಯುತ್ತಿದ್ದ ಕಾಲ ಅದು.

ಆದರೆ ಎರಡು ದಾರಿಗಳೂ ಮುಂದೆ ಕವಲೊಡೆದವು. ನಮ್ಮಲ್ಲಿ ಗೇಣಿದಾರ ಒಡೆಯನಾದ, ಅವನ ಹೆಸರು ಪಹಣಿಗೆ ಬಂತು. ಅಲ್ಲಿ ಒಡೆಯ ಹೋದ, ಉಳುವವನು ಉಳುವವನಾಗಿಯೇ ಉಳಿದ. ಒಂದು ಕುಟುಂಬಕ್ಕೆ ಹೆಚ್ಚೆಂದರೆ 10 ಹೆಕ್ಟೇರ್, ಮಾರುವಂತಿಲ್ಲ, ಅಡವಿಡುವಂತಿಲ್ಲ. ಸೈನಿಕ ಸರ್ಕಾರ ಉರುಳಿ ಹೊಸ ಸಂವಿಧಾನ ಬಂದಾಗಲೂ ಇದು ಬದಲಾಗಲಿಲ್ಲ. 1995ರ ಸಂವಿಧಾನದ 40ನೇ ವಿಧಿಯ ಪ್ರಕಾರ ನೆಲ ಸರ್ಕಾರಕ್ಕೂ ಇಥಿಯೋಪಿಯಾದ ಜನಸಮುದಾಯಗಳಿಗೂ ಸೇರಿದ್ದು, ಮಾರಾಟಕ್ಕಿಲ್ಲ. ಬೇಸಾಯಗಾರನಿಗೆ ಹಣ ಕೊಡದೆ ನೆಲ ಪಡೆಯುವ ಹಕ್ಕಿದೆ, ಅವನನ್ನು ಒಕ್ಕಲೆಬ್ಬಿಸುವಂತಿಲ್ಲ. ದನಗಾಹಿ ಜನಕ್ಕೂ ಇಂಥದೇ ರಕ್ಷಣೆಯನ್ನು ಅದೇ ವಿಧಿ ಬರೆದಿಟ್ಟಿದೆ.

ದೆಬ್ರೆ ಮಾರ್ಕೋಸ್ ದಾಟಿ, ಡಾಂಬರು ಬಿಟ್ಟು ಒಳಕ್ಕೆ ಹೋದರೆ ನನ್ನ ಜೊತೆಗಾರನ ಊರು. ಬಹಿರ್ ದಾರ್‌ನ ಕಾಲೇಜಿನಲ್ಲಿ ಕೃಷಿ ಓದಿದ ಹುಡುಗ ಅವನು, ನನ್ನ ದುಭಾಷಿ. ಅವನ ದೊಡ್ಡಮ್ಮನ ಮನೆಯಲ್ಲಿ ಇಳಿದೆವು. ಗಂಡ ತೀರಿಕೊಂಡು ಹಲವು ವರ್ಷವಾಗಿತ್ತು. ಒಲೆಯ ಮೇಲೆ ಹಸಿ ಕಾಫಿ ಬೀಜ ಹುರಿಯುತ್ತಿದ್ದಾಗ ನೆಲದ ಮಾತು ತೆಗೆದೆ. ಆಕೆ ಎದ್ದು ಒಳಗೆ ಹೋಗಿ, ಮರದ ಪೆಟ್ಟಿಗೆಯ ತಳದಿಂದ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿದ್ದ ಹಸಿರು ರಟ್ಟಿನ ಪುಸ್ತಿಕೆ ತಂದು ಕೊಟ್ಟಳು. ಅವರು ಅದನ್ನು ದೆಬ್ತೆರ್ ಎನ್ನುತ್ತಾರೆ. ಮೊದಲ ಪುಟದಲ್ಲಿ ಎರಡು ಫೋಟೋ: ಗಂಡನದೊಂದು, ಆಕೆಯದೊಂದು, ಅಕ್ಕಪಕ್ಕ. ಮುಂದಿನ ಪುಟಗಳಲ್ಲಿ ಒಂದೊಂದು ತುಂಡು ಹೊಲದ ವಿವರ. ಮೂಡಣಕ್ಕೆ ಯಾರ ಹೊಲ, ಪಡುವಣಕ್ಕೆ ಯಾರದು, ಬಡಗಕ್ಕೆ ಹಳ್ಳ, ತೆಂಕಕ್ಕೆ ದಾರಿ. ಚಕ್ಕುಬಂದಿ ಓದಿ ಬೆಳೆದವನಿಗೆ ಆ ಪುಟದ ಭಾಷೆ ಗೊತ್ತಿರಬೇಕಾಗಿರಲಿಲ್ಲ.

ಹೀಗೆ ಹೊಲ ಅಳೆದು ಹಕ್ಕುಪತ್ರ ಕೊಡುವ ಕೆಲಸವನ್ನು ಇಥಿಯೋಪಿಯಾ 1998ರ ಹೊತ್ತಿಗೆ ತಿಗ್ರಾಯ್ ಪ್ರಾಂತ್ಯದಲ್ಲಿ ಶುರು ಮಾಡಿತು. ಅಮ್ಹಾರಾ ಪ್ರಾಂತ್ಯದಲ್ಲಿ ಆರಂಭವಾದದ್ದು 2003ರಲ್ಲಿ, ಆಮೇಲೆ ಒರೋಮಿಯಾ ಮತ್ತು ದಕ್ಷಿಣದ ಪ್ರಾಂತ್ಯ. ಹೊರದೇಶದ ಸರ್ವೆ ಯಂತ್ರಗಳಿಗೆ ಕಾಯಲಿಲ್ಲ. ಪ್ರತಿ ಕೆಬೆಲೆ, ಎಂದರೆ ನಮ್ಮ ಗ್ರಾಮ ಪಂಚಾಯಿತಿಯಂಥ ಆಡಳಿತ ಘಟಕ, ತನ್ನದೇ ಸಮಿತಿ ಆರಿಸಿತು. ಸಮಿತಿಯವರು ಹಗ್ಗ ಹಿಡಿದು ಹೊಲ ಹೊಲ ಸುತ್ತಿದರು. ಸುತ್ತಲ ಹೊಲದವರು ಬದುವಿನ ಮೇಲೆ ಹಾಜರಿರಬೇಕು, ತಕರಾರಿದ್ದರೆ ಅಲ್ಲೇ ಹೇಳಬೇಕು. ಆಫ್ರಿಕಾದ ಬೇರೆ ದೇಶಗಳಲ್ಲಿ ಹಕ್ಕುಪತ್ರಕ್ಕೆ ಆಗುವ ವೆಚ್ಚದ ಮುಂದೆ ಇದರ ಖರ್ಚು ಏನೇನೂ ಅಲ್ಲ. ಕೆಲವೇ ವರ್ಷಗಳಲ್ಲಿ ಲಕ್ಷಾಂತರ ಮನೆಗಳಿಗೆ ಪುಸ್ತಿಕೆ ಮುಟ್ಟಿತು. ಜನರ ಕಣ್ಣೆದುರು ನಡೆದ ಇಂಥ ಅಳತೆಗಿಂತ ನಂಬಿಕೆಗೆ ಅರ್ಹವಾದ ದಾಖಲೆ ಬೇರೆ ಇಲ್ಲವೆಂದೇ ನನ್ನ ಎಣಿಕೆ.

ದೊಡ್ಡಮ್ಮನಿಗೆ ಅದು ಏನು ಕೊಟ್ಟಿತು? ಆ ಸೀಮೆಯಲ್ಲಿ ಹೆಂಗಸು ಕಳೆ ತೆಗೆಯಬಹುದು, ಕೊಯ್ಯಬಹುದು, ಹೊರಬಹುದು, ನೇಗಿಲು ಮಾತ್ರ ಹಿಡಿಯಬಾರದು. ಹಾಗಾಗಿ ಗಂಡನಿಲ್ಲದವಳು ಎತ್ತು ಇದ್ದವರಿಗೆ ಹೊಲ ಪಾಲಿಗೆ ಕೊಡಬೇಕು. ಆಕೆಯ ಹೊಲವನ್ನು ಮೈದುನ ಉಳುತ್ತಿದ್ದ.

“ಮೊದಲು ಅವನು ತಂದು ಹಾಕಿದ್ದೇ ಪಾಲು. ಕೇಳಿದರೆ, ಅಣ್ಣನ ನೆಲ ನನ್ನದೂ ಹೌದು ಅನ್ನುತ್ತಿದ್ದ. ಪುಸ್ತಕ ಬಂದ ಮೇಲೆ ಕೆಬೆಲೆಯಲ್ಲಿ ಬರೆಸಿದೆ. ಈಗ ಕಣದಲ್ಲೇ ಅರ್ಧ ಅಳೆಯುತ್ತೇವೆ. ಸರಿಬಾರದಿದ್ದರೆ ಮುಂದಿನ ವರ್ಷ ಬೇರೆಯವರು ಉಳುತ್ತಾರೆ.”

ಮೈದುನನೂ ಅಲ್ಲೇ ಬಾಗಿಲ ಬಳಿ ಕೂತು ಕಾಫಿಗೆ ಕಾಯುತ್ತಿದ್ದ. ತಲೆಯಾಡಿಸಿ ಹೌದೆಂದ.

ಅದೇ ಪುಸ್ತಿಕೆ ಆಕೆಯ ಮಗನಿಗೆ ಏನೂ ಕೊಡಲಿಲ್ಲ. ಅಮ್ಹಾರಾದಲ್ಲಿ ಕಡೆಯ ದೊಡ್ಡ ಮರುಹಂಚಿಕೆ ನಡೆದದ್ದು 1997ರಲ್ಲಿ. ಇವನು ಹುಟ್ಟಿದ್ದು ಅದರ ನಂತರ. ಬೇಸಾಯಗಾರನಿಗೆ ಬಿಟ್ಟಿಯಾಗಿ ನೆಲ ಎಂದು ಸಂವಿಧಾನ ಬರೆದಿದೆ, ಆದರೆ ಕೆಬೆಲೆಯಲ್ಲಿ ಕೊಡಲು ನೆಲವೇ ಉಳಿದಿಲ್ಲ. ತಾಯಿಯ ಹೆಸರಲ್ಲಿರುವುದು ಒಂದು ಹೆಕ್ಟೇರಿಗೂ ಕಡಿಮೆ, ಅದೂ ನಾಲ್ಕು ಕಡೆ ಹಂಚಿಹೋಗಿದೆ, ಒಡಹುಟ್ಟಿದವರು ಬೇರೆ ಇದ್ದಾರೆ. ಪಟ್ಟಣಕ್ಕೆ ಹೋಗಿ ಕಟ್ಟಡದ ಕೆಲಸಕ್ಕೆ ಸೇರೋಣವೆಂದರೆ, ಊರು ಬಿಟ್ಟು ಬೇರೆ ದುಡಿಮೆಯಲ್ಲಿ ನೆಲೆ ನಿಂತವನಿಗೆ ನೆಲದ ಹಕ್ಕು ತಪ್ಪಬಹುದು. ಹೋಗಲೂ ಅಂಜಿಕೆ, ಇರಲೂ ಆಗದು. ಮಾರುವಂತಿಲ್ಲ ಎಂಬ ಕಟ್ಟು ಬಡವನನ್ನು ಸಾಲಗಾರನ ಕೈಯಿಂದ ಕಾಯುತ್ತದೆ, ಅದನ್ನು ನಾನು ಹಗುರವಾಗಿ ಕಾಣಲಾರೆ. ಮಲೆನಾಡಿನಲ್ಲಿ ಗೇಣಿಯಿಂದ ಬಿಡುಗಡೆಯಾದ ಎಷ್ಟೋ ಎಕರೆ ಮುಂದಿನ ತಲೆಮಾರಿಗೇ ಕೈಬಿಟ್ಟುಹೋದದ್ದನ್ನು ನೋಡಿದ್ದೇನೆ. ಆದರೂ ಆ ಹುಡುಗನ ಮುಖ ನೋಡಿಕೊಂಡು ಈ ಕಾನೂನನ್ನು ಹೊಗಳಲು ನನ್ನಿಂದ ಆಗಲಿಲ್ಲ.

ಅಡಿಸ್‌ಗೆ ಹಿಂದಿರುಗಿ, ಅಲ್ಲಿಂದ ಪಡುವಣಕ್ಕೆ ಹೊರಟೆ. ಜಿಮ್ಮಾ, ಬೆದೆಲೆ, ಮೆತ್ತು. ದಾರಿಯುದ್ದಕ್ಕೂ ಮಳೆಕಾಡು, ಮರಗಳ ಅಡಿಯಲ್ಲಿ ಕಾಫಿ. ಗೋರೆ ಎಂಬ ಊರು 2000 ಮೀಟರ್ ಎತ್ತರದಲ್ಲಿದೆ, ರಾತ್ರಿ ಕಂಬಳಿ ಬೇಕು. ಅಲ್ಲಿಂದ ಬಸ್ಸು ಇಳಿದಿಳಿದು 500 ಮೀಟರಿನ ಗಂಬೆಲ್ಲಾ ತಲುಪುವಷ್ಟರಲ್ಲಿ ಅಂಗಿ ಬೆನ್ನಿಗೆ ಅಂಟಿತ್ತು. ಅಗಲವಾದ ಬಾರೋ ನದಿ, ದಡದಲ್ಲಿ ಮಾವಿನ ಮರಗಳು, ಎದೆಮಟ್ಟದ ಹುಲ್ಲು. ಇಲ್ಲಿನವರು ಅನ್ಯುವಾ ಮತ್ತು ನುಯೆರ್ ಜನ. ದಕ್ಷಿಣ ಸುಡಾನಿನ ಯುದ್ಧದಿಂದ ಓಡಿಬಂದ ಮೂರು ಲಕ್ಷಕ್ಕೂ ಹೆಚ್ಚು ನಿರಾಶ್ರಿತರು ಈ ಪ್ರಾಂತ್ಯದ ಶಿಬಿರಗಳಲ್ಲಿದ್ದರು.

ಗಂಬೆಲ್ಲಾದ ನೆಲವನ್ನು ಗುತ್ತಿಗೆ ಕೊಡುವುದು ಹೊಸತೇನಲ್ಲ. 1902ರ ಒಪ್ಪಂದದಲ್ಲಿ ಚಕ್ರವರ್ತಿ ಮೆನೆಲಿಕ್, ಬಾರೋ ದಡದ ಇತಾಂಗ್ ಬಳಿ ವ್ಯಾಪಾರದ ಕಟ್ಟೆಗಾಗಿ 400 ಹೆಕ್ಟೇರ್ ಮೀರದ ನೆಲವನ್ನು ಬ್ರಿಟಿಷರ ಸುಡಾನ್ ಸರ್ಕಾರಕ್ಕೆ ಬಿಟ್ಟುಕೊಡಲು ಒಪ್ಪಿದ್ದ. ನದಿ ತುಂಬಿದ ತಿಂಗಳುಗಳಲ್ಲಿ ಹಬೆದೋಣಿಗಳು ಖಾರ್ಟೂಮಿನಿಂದ ಇಲ್ಲಿಯವರೆಗೂ ಬರುತ್ತಿದ್ದವು. ನೂರು ವರ್ಷ ಕಳೆದ ಮೇಲೆ ಅಳತೆ ಬದಲಾಯಿತು. 5000 ಹೆಕ್ಟೇರಿಗೂ ಮೇಲ್ಪಟ್ಟ ಗುತ್ತಿಗೆಗಳನ್ನು ಕೇಂದ್ರದ ಕೃಷಿ ಸಚಿವಾಲಯವೇ ಕೈಗೆ ತೆಗೆದುಕೊಂಡಿತು, ಪ್ರಾಂತ್ಯಗಳ “ಖಾಲಿ” ನೆಲವೆಲ್ಲ ಒಂದು ಲ್ಯಾಂಡ್ ಬ್ಯಾಂಕಿಗೆ ಜಮೆಯಾಯಿತು. 2010ರಲ್ಲಿ ಬೆಂಗಳೂರಿನ ಗುಲಾಬಿ ಹೂವಿನ ಕಂಪನಿ ಕರುತುರಿ ಗ್ಲೋಬಲ್ ಇಲ್ಲಿ 1 ಲಕ್ಷ ಹೆಕ್ಟೇರನ್ನು 50 ವರ್ಷಕ್ಕೆ ಪಡೆಯಿತು. ನಮ್ಮ ಒಂದು ತಾಲೂಕಿನಷ್ಟು ನೆಲ. ಹೆಕ್ಟೇರಿಗೆ ವರ್ಷಕ್ಕೆ 20 ಬಿರ್, ಆಗಿನ ಲೆಕ್ಕದಲ್ಲಿ ಅರವತ್ತು ರೂಪಾಯಿಗೂ ಕಡಿಮೆ. ಅಡೆತಡೆಯಿಲ್ಲದ ಖಾಲಿ ನೆಲವನ್ನು ಒಪ್ಪಿಸುವುದು ತನ್ನ ಹೊಣೆ ಎಂದು ಕರಾರಿನಲ್ಲಿ ಸರ್ಕಾರ ಒಪ್ಪಿಕೊಂಡಿತ್ತು.

ಇತಾಂಗ್ ದಾರಿಯ ಒಂದು ಅನ್ಯುವಾ ಹಳ್ಳಿಗೆ ಹೋದಾಗ, ಭಾರತದವನು ಎಂದ ಕೂಡಲೇ ಬಂದ ಮೊದಲ ಪ್ರಶ್ನೆ, “ಕಂಪನಿಯವರೇ?” ಅಲ್ಲ, ಆದರೆ ಆ ಕಂಪನಿಯ ರಾಜ್ಯದವನೇ ಎಂದೆ. ಮಾವಿನ ನೆರಳಲ್ಲಿ ಕೂತಿದ್ದ ಹಿರಿಯರು ಸಿಟ್ಟಾಗಲಿಲ್ಲ, ಚಾಪೆ ಹಾಸಿದರು. ಅವರಲ್ಲೊಬ್ಬರಿಗೆ ಶಾಲೆಯಲ್ಲಿ ಗಣಿತ ಕಲಿಸಿದ ಮೇಷ್ಟ್ರು ಭಾರತದವರಂತೆ. ಅದನ್ನೂ ಅಷ್ಟೇ ಸಹಜವಾಗಿ ನೆನೆದರು.

ಖಾಲಿ ನೆಲ ಎಲ್ಲಿದೆ ತೋರಿಸಿ ಎಂದು ಕೇಳಿಕೊಂಡೆ. ಹಿರಿಯರಲ್ಲೊಬ್ಬ ಅಜ್ಜ ಕೋಲು ಹಿಡಿದು ಮುಂದೆ ನಡೆದರು. ಹುಲ್ಲು ಬೆಳೆದ ಬಯಲಿನಲ್ಲಿ ನಿಂತು, ಕಾಲಿನಿಂದ ಮಣ್ಣು ಕೆದರಿ, ಒಡೆದ ಮಡಕೆಯ ಚೂರು ಎತ್ತಿದರು. ಇಲ್ಲಿ ತಮ್ಮ ತಂದೆ ಜೋಳ ಬೆಳೆದಿದ್ದರು, ಕೆಲವು ವರ್ಷ ಉತ್ತು ಬಿಟ್ಟರು, ನೆಲ ದಣಿವಾರಿಸಿಕೊಂಡ ಮೇಲೆ ಅಣ್ಣ ಮತ್ತೆ ಹಸನು ಮಾಡಿದ. ಆಚೆಯ ಮರಗಳಲ್ಲಿ ಜೇನು, ಈಚೆಯ ತಗ್ಗಿನಲ್ಲಿ ನೆರೆಯ ನೀರು ನಿಂತಾಗ ಮೀನು. ನದಿಯಂಚಿನಲ್ಲಿ ನೀರು ಇಳಿಯುತ್ತಿದ್ದಂತೆ ಹೆಂಗಸರು ಹಸಿ ಮಣ್ಣಿಗೆ ಮುಸುಕಿನ ಜೋಳದ ಬೀಜ ಊರುತ್ತಿದ್ದರು. ಬೀಳುಬಿಟ್ಟ ನೆಲವೂ ಬೇಸಾಯದ ನೆಲವೇ ಎಂದು ನಮ್ಮ ಕುಮ್ರಿ ಬೇಸಾಯ ಬಲ್ಲವರಿಗೆ ಹೇಳಬೇಕಾಗಿಲ್ಲ. ಇದನ್ನು ಖಾಲಿ ಎಂದು ಬರೆದವರು ಎತ್ತಿನ ನೇಗಿಲು ಕಾಣದ ಕಡೆ ಮನುಷ್ಯರೂ ಇಲ್ಲ ಎಂದುಕೊಂಡರು. ನಾನು ಕಂಡ ಅನ್ಯಾಯದ ಬೇರು ಅಲ್ಲಿದೆ. ಹಕ್ಕುಪತ್ರದ ಕೆಲಸ ನಡೆದದ್ದು ಎತ್ತರದ ನಾಲ್ಕು ಪ್ರಾಂತ್ಯಗಳಲ್ಲಿ, ಗಂಬೆಲ್ಲಾದ ಈ ಬಯಲಿಗೆ ಹಗ್ಗ ಬರಲೇ ಇಲ್ಲ. ಸಾಲದ್ದಕ್ಕೆ 2005ರ ಗ್ರಾಮೀಣ ಭೂ ಕಾಯ್ದೆಯ 5ನೇ ವಿಧಿ, ನೆಲದ ಒಡೆಯ ಸರ್ಕಾರವಾದ್ದರಿಂದ ಸಮುದಾಯದ ನೆಲವನ್ನು ಅಗತ್ಯ ಬಿದ್ದರೆ ಖಾಸಗಿ ಹಿಡುವಳಿಗೆ ಬದಲಿಸಬಹುದು ಎನ್ನುತ್ತಿತ್ತು. ಗುತ್ತಿಗೆಯ ಅದೇ ವರ್ಷಗಳಲ್ಲಿ ಗಂಬೆಲ್ಲಾದ 45,000 ಕುಟುಂಬಗಳನ್ನು ಹೊಸ ಊರುಗಳಿಗೆ ಸೇರಿಸುವ ಯೋಜನೆ ಬಂತು. ಶಾಲೆ, ಆಸ್ಪತ್ರೆ, ನೀರು ಕೊಡಲು ಎಂದು ಸರ್ಕಾರ ಹೇಳಿತು. ಬಲವಂತದ ಎತ್ತಂಗಡಿ ಎಂದು ಹ್ಯೂಮನ್ ರೈಟ್ಸ್ ವಾಚ್ 2012ರಲ್ಲಿ ವರದಿ ಮಾಡಿತು.

ಕಂಪನಿಯ ಕಥೆ ಬೇಗ ಮುಗಿಯಿತು. 2011ರಲ್ಲಿ ಬಾರೋ ಉಕ್ಕಿ ಮುಸುಕಿನ ಜೋಳವೆಲ್ಲ ಕೊಚ್ಚಿಹೋಯಿತು. ನದಿ ಎಲ್ಲಿಯವರೆಗೂ ಏರುತ್ತದೆಂದು ಈ ಹಳ್ಳಿಯ ಯಾವ ಮಗುವನ್ನು ಕೇಳಿದ್ದರೂ ಹೇಳುತ್ತಿತ್ತು ಎಂದರು ಅಜ್ಜ. ಕೊಟ್ಟ ನೆಲದಲ್ಲಿ ಅಲ್ಪ ಭಾಗವನ್ನಷ್ಟೇ ಹಸನು ಮಾಡಲಾಗಿದೆ ಎಂದು 2015ರ ಡಿಸೆಂಬರಿನಲ್ಲಿ ಸರ್ಕಾರ ಕರಾರು ರದ್ದು ಮಾಡಿತು. ಕಂಪನಿ ಅದನ್ನು ಒಪ್ಪಲಿಲ್ಲ.

“ಕಂಪನಿ ಹೋದ ಮೇಲೆ ನೆಲ ನಿಮಗೆ ಮರಳಿತೇ?”

“ಯಾರ ಹೆಸರಿಗೆ ಮರಳಬೇಕು?” ಎಂದರು ಅಜ್ಜ. “ಬರೆದಿಟ್ಟ ಹೆಸರು ಇದ್ದರಲ್ಲವೇ.”

ಗೊಜ್ಜಾಂನಲ್ಲಿ ಕಂಡ ಪುಸ್ತಿಕೆಯ ಕಥೆ ಹೇಳಿದೆ. ಹಗ್ಗ, ಅಕ್ಕಪಕ್ಕದವರ ಸಾಕ್ಷಿ, ಎರಡು ಫೋಟೋ. ಮಾವಿನ ಕೆಳಗೆ ಜೋರು ಚರ್ಚೆಯೇ ಎದ್ದಿತು. ನನಗಾಗಿ ಅನುವಾದಿಸುವುದನ್ನೂ ಮರೆತು ಅಲ್ಲಿನ ದುಭಾಷಿ ತಾನೇ ವಾದಕ್ಕಿಳಿದ. ಒಬ್ಬೊಬ್ಬರ ಹೆಸರಿಗೂ ತುಂಡು ತುಂಡು ಬರೆದರೆ ಬೀಳುನೆಲ ಯಾರಿಗೂ ಸೇರದೆ ಮತ್ತೆ ಸರ್ಕಾರದ್ದಾಗುತ್ತದೆ, ಹಳ್ಳಿಯ ಹೆಸರಿಗೇ ಒಟ್ಟು ಎಲ್ಲೆ ಬರೆಯಲಿ ಎಂಬುದು ಅವನ ಮಾತು. ಊರ ಮುಖಂಡನಾದ ಕ್ವಾರೋ ಹೆಸರಿಗೆ ಬರೆಯಲಿ ಎಂದರು ಒಬ್ಬ ಹಿರಿಯರು. ನಾಳೆ ಕ್ವಾರೋನೇ ಸಹಿ ಹಾಕಿ ಕೊಟ್ಟುಬಿಟ್ಟರೆ ಎಂದು ಮತ್ತೊಬ್ಬರು ತಡೆದರು. ನದಿಯಿಂದ ಆಗಷ್ಟೇ ಬಂದಿದ್ದ ಹೆಂಗಸೊಬ್ಬಳು ಕೊಡ ಇಳಿಸಿ, ಆ ಎರಡು ಫೋಟೋ ಇಲ್ಲಿಯೂ ಬೇಕು ಎಂದಳು. ಹಗ್ಗದವರು ಒಂದೇ ಸಲ ಬಂದರೆ ಸಾಲದಂತೆ. ನೆರೆ ಏರಿದಾಗ ಒಮ್ಮೆ ಬರಬೇಕು, ಇಳಿದ ಮೇಲೆ ಒಮ್ಮೆ, ಯಾಕೆಂದರೆ ಅವರ ಹೊಲ ವರ್ಷವಿಡೀ ಒಂದೇ ಕಡೆ ಇರುವುದಿಲ್ಲ. ದುಭಾಷಿ ಜೇಬಿನಿಂದ ನೋಟ್‌ಪುಸ್ತಕ ತೆಗೆದು ಅವಳ ಮಾತನ್ನು ಬರೆದುಕೊಂಡ. ಮುಂದಿನ ವಾರ ವೊರೆಡಾ (ತಾಲೂಕು) ಕಚೇರಿಯಲ್ಲಿ ಸಭೆ ಇದೆ, ಅಲ್ಲಿ ಇದನ್ನು ಓದಿ ಹೇಳುತ್ತೇನೆ, ನೀನೂ ಬಾ ಎಂದು ಅವಳನ್ನೇ ಕರೆದ.