ಒಂದು ಸಣ್ಣ ‘ಟಿಕ್’

ಗೋವಿನಕೋವಿಯಿಂದ ಪೇಟೆಯ ಎಸ್‌ಟಿಡಿ ಬೂತಿಗೆ ನಾವು ಮೂರು ದಿನ ಅಲೆದಿದ್ದೆವು. ಸೌದಿಯಲ್ಲಿದ್ದ ಅಣ್ಣ ತಮ್ಮನ ವೀಸಾ ಕಾಗದ ಫ್ಯಾಕ್ಸ್ ಮಾಡುತ್ತಿದ್ದ. ಮೂರು ಸಲವೂ ಸಾಲುಗಳು ಹರಿದು, ಅರ್ಧಕ್ಕೇ ನಿಂತಿತು. ಗಡುವು ಮುಗಿಯಿತು, ಕೆಲಸವೂ ಹೋಯಿತು. ಬೂತಿನವನನ್ನು ಎಲ್ಲರೆದುರು ಬೈದು ಬಂದೆವು. ಫೋನಿನಲ್ಲಿ ಅಣ್ಣನ ಮಾತು ಮಾತ್ರ ಸ್ಪಷ್ಟವಿತ್ತು. ನಡುನಡುವೆ ಒಂದು ‘ಟಿಕ್’ ಸದ್ದು, ಅಷ್ಟೆ. ಈದ್ ಚಂದ್ರನ ಸುದ್ದಿಗೂ ಅದು ಎಂದೂ ಅಡ್ಡಿಯಾಗಿರಲಿಲ್ಲ.

ವರ್ಷಗಳ ನಂತರ ನಿವೃತ್ತ ದೂರವಾಣಿ ಇಂಜಿನಿಯರೊಬ್ಬರು ಆ ಸದ್ದಿನ ಗುಟ್ಟು ಹೇಳಿದರು. 1986ರಲ್ಲಿ ನಮ್ಮ ಕಿತ್ತೂರಿನಲ್ಲೇ ಸಿ-ಡಾಟ್‌ನ ಮೊದಲ ಗ್ರಾಮೀಣ ಎಕ್ಸ್‌ಚೇಂಜ್ ಶುರುವಾದದ್ದನ್ನು ಹೆಮ್ಮೆಯಿಂದ ನೆನೆಯುವವರು ಅವರು. ಡಿಜಿಟಲ್ ಎಕ್ಸ್‌ಚೇಂಜ್ ನಮ್ಮ ದನಿಯನ್ನು ಸೆಕೆಂಡಿಗೆ 8000 ಸಲ ಅಳೆದು ಅಂಕಿಯಾಗಿಸುತ್ತದೆ. ಹಾಗಾಗಿ ಎಲ್ಲ ಎಕ್ಸ್‌ಚೇಂಜುಗಳ ಗಡಿಯಾರವೂ ಒಂದೇ ಲಯದಲ್ಲಿರಬೇಕು. ಚಿಕ್ಕದು ಮೇಲಿನದರಿಂದ ಬರುವ ಲೈನಿನಲ್ಲೇ ಆ ಲಯ ಹಿಡಿಯುತ್ತದೆ. ಆ ಲೈನು ಕೆಟ್ಟರೆ ಎರಡನೆಯ ಲೈನು. ಅದೂ ಇಲ್ಲವಾದರೆ ಕೊನೆಗೆ ಕೇಳಿದ ಲಯವನ್ನು ನೆನಪಿಟ್ಟು ತನ್ನ ಹರಳಿನ ಮೇಲೆ ನಡೆಯುತ್ತದೆ. ದಿನ ಕಳೆದಂತೆ ಜಾರುತ್ತದೆ. ಆಗ ಸೆಕೆಂಡಿನ 8000ದಲ್ಲೊಂದು ಪಾಲು ಬಿಟ್ಟುಹೋಗುತ್ತದೆ, ಇಲ್ಲವೇ ಎರಡು ಸಲ ಬರುತ್ತದೆ. ಉತ್ತಮ ಗಡಿಯಾರಗಳ ನಡುವೆ ಇದು 70 ದಿನಕ್ಕೊಮ್ಮೆ ಆದರೆ ಹೆಚ್ಚು. ಮಾತಿಗೆ ಬರೀ ‘ಟಿಕ್’, ಫ್ಯಾಕ್ಸಿಗೆ ಸಾಲುಗಳೇ ನಷ್ಟ.

‘ಎಚ್ಚರಿಕೆಯ ದೀಪ ಉರಿಯುತ್ತಲೇ ಇರುತ್ತದೆ. ಮಾತು ನಡೆಯುತ್ತಿದೆಯಲ್ಲ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಿಮ್ಮಲ್ಲೂ ಅದೇ ಆಗಿರಬಹುದು’ ಎಂದರು.

ಬೂತ್ ಇದ್ದಲ್ಲಿ ಈಗ ಮೊಬೈಲ್ ಅಂಗಡಿ. ಅವನನ್ನು ಹುಡುಕಿ ಹೋಗಿ ಕ್ಷಮೆ ಕೇಳಿದೆವು. ‘ಅದಿರಲಿ, ಆ ಮೂರು ಫ್ಯಾಕ್ಸಿನ ದುಡ್ಡು ಇನ್ನೂ ಬಾಕಿ ಇದೆ’ ಎಂದು ನಕ್ಕ.